ಲಿಂಗೈಕ್ಯ ಶ್ರೀ ಎಸ್. ನಿಜಲಿಂಗಪ್ಪನವರು: ನಾಡಿನ ಋಣ, ಪಕ್ಷದ ಶಿಸ್ತು

ಶರಣರ ನಡೆನುಡಿಗಳಿಂದ ಪಾವನವಾದ ಕನ್ನಡ ನಾಡಿನಲ್ಲಿ ಧರ್ಮಕಾರ್ಯವನ್ನು ನಡೆಯಿಸಿದವರ ಚರಿತ್ರೆಯಂತೆಯೇ ಲೋಕಕಾರ್ಯದ ಭಾರವನ್ನು ಹೊತ್ತವರ ಚರಿತ್ರೆಯೂ ಭಕ್ತಜನರಿಗೆ ಮನನೀಯವಾದುದು. ರಾಜ್ಯಭಾರದ ನಡುವೆ ನಿಂತು ಅಂತರಂಗದ ಸಾಕ್ಷಿಯನ್ನು ಕಾಯ್ದುಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಕಲ್ಯಾಣದ ಭಂಡಾರಿ ಬಸವಣ್ಣನವರ ಜೀವನವು ಎಂಟು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತು. ಒಡೆಯನ ಊಳಿಗ ಒಂದು ಕಡೆಗೆ, ಶರಣಗಣದ ಋಣ ಮತ್ತೊಂದು ಕಡೆಗೆ ಸೆಳೆದಾಗ ಆ ಮಹಾನುಭಾವರು ಭಂಡಾರದ ಅಧಿಕಾರವನ್ನು ಬಿಟ್ಟು ಸಂಗಮದ ದಾರಿಯನ್ನು ಹಿಡಿದರು. ಇಪ್ಪತ್ತನೆಯ ಶತಮಾನದಲ್ಲಿ ಒಡೆಯನ ಸ್ಥಾನಕ್ಕೆ ರಾಜಕೀಯ ಪಕ್ಷವು ಬಂದಿತು. ತನ್ನ ನಾಡಿನ ಜನ ಒಂದನ್ನು ಬೇಡುತ್ತಿರಲು, ತಾನು ನಂಬಿದ ಪಕ್ಷವು ತಾಳಿರೆಂದು ಹೇಳುತ್ತಿರಲು, ನಡುವೆ ನಿಂತವನು ಏನು ಮಾಡಬೇಕು? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿ ಎರಡು ಸಲ, ಎರಡು ಬೇರೆ ಬೇರೆ ದಿಕ್ಕುಗಳಿಂದ ಎದುರಿಸಿದವರು ಶ್ರೀ ಸಿದ್ದವನಹಳ್ಳಿ ನಿಜಲಿಂಗಪ್ಪನವರು.

ಇವರು 1902ನೆಯ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ, ಇಂದು ವಿಜಯನಗರ ಜಿಲ್ಲೆಗೆ ಸೇರಿದ, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಲಿಂಗವಂತ ಮನೆತನದಲ್ಲಿ ಜನಿಸಿದರು. ಐದು ವರ್ಷದ ಬಾಲಕನಿದ್ದಾಗಲೇ ತಂದೆಯು ಲಿಂಗೈಕ್ಯರಾದರು. ಶಿವಭಕ್ತೆಯಾದ ತಾಯಿಯ ನೆರಳಿನಲ್ಲಿ ಮಗನು ಬೆಳೆದನು. ವೀರಪ್ಪ ಮಾಸ್ತರರೆಂಬ ವೃದ್ಧ ಗುರುಗಳು ಅಕ್ಷರದೊಡನೆ ಬಸವಾದಿ ಶರಣರ ಚರಿತ್ರೆಯನ್ನೂ ಕಲಿಸಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1924ರಲ್ಲಿ ಬಿ.ಎ. ಪದವಿಯನ್ನೂ, ಪುಣೆಯ ಕಾನೂನು ಕಾಲೇಜಿನಿಂದ 1926ರಲ್ಲಿ ವಕೀಲಿ ಪದವಿಯನ್ನೂ ಪಡೆದು, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು.

ಅವರ ರಾಜಕೀಯ ಜೀವನವನ್ನು ತಿಳಿಯಬೇಕಾದರೆ ಮೊದಲು ಕಾಂಗ್ರೆಸ್ ಸಂಸ್ಥೆಯ ಒಂದು ವಿಶೇಷವನ್ನು ಅರಿಯಬೇಕು. 1920ರ ನಾಗಪುರ ಅಧಿವೇಶನದಲ್ಲಿ ಆ ಮಹಾಸಭೆಯು ತನ್ನ ಪ್ರಾಂತಿಕ ಸಮಿತಿಗಳನ್ನು ಭಾಷೆಗೆ ಅನುಸರಿಸಿ ರಚಿಸಿಕೊಳ್ಳಲು ನಿಶ್ಚಯಿಸಿತು. ಅದೇ ವರ್ಷ ಧಾರವಾಡದಲ್ಲಿ ಶ್ರೀ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕೂಡಿದ ಕರ್ನಾಟಕ ರಾಜಕೀಯ ಪರಿಷತ್ತು ಕನ್ನಡ ನಾಡೆಲ್ಲ ಒಂದಾಗಬೇಕೆಂದು ಸಾರಿತ್ತು. ಅಂದು ಕನ್ನಡಿಗರು ಮುಂಬಯಿ ಮತ್ತು ಮದರಾಸು ಇಲಾಖೆಗಳಲ್ಲಿ, ನಿಜಾಮನ ಹೈದರಾಬಾದಿನಲ್ಲಿ, ಮೈಸೂರಿನಲ್ಲಿ, ಕೊಡಗಿನಲ್ಲಿ, ಜಮಖಂಡಿ, ಮುಧೋಳ, ಸವಣೂರು, ಸಂಡೂರುಗಳಂತಹ ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಸರಕಾರದ ನಕಾಶೆಯಲ್ಲಿ ಕರ್ನಾಟಕವೆಂಬ ಪ್ರಾಂತವೇ ಇರಲಿಲ್ಲ. ಕಾಂಗ್ರೆಸ್ಸಿನ ನಕಾಶೆಯಲ್ಲಿ ಮಾತ್ರ ಅದಿತ್ತು. ಶ್ರೀ ಗಂಗಾಧರರಾವ ದೇಶಪಾಂಡೆಯವರು ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನ ಮೊದಲನೆಯ ಅಧ್ಯಕ್ಷರಾದರು. ಹೀಗೆ ನಾಡು ಹುಟ್ಟುವುದಕ್ಕೆ ಮೂರೂವರೆ ದಶಕಗಳ ಮೊದಲೇ ಅದರ ಹೆಸರಿನ ಸಮಿತಿಯು ಹುಟ್ಟಿತು. ಮುಂದಿನ ಆಶೆಗೂ ಕಲಹಕ್ಕೂ ಇದೇ ಬೀಜವಾಯಿತು. ಪಕ್ಷವು ತನ್ನ ಮನೆಯೊಳಗೆ ಒಪ್ಪಿದ ಕರ್ನಾಟಕವನ್ನು ಅಧಿಕಾರಕ್ಕೆ ಬಂದ ದಿನ ರಾಜ್ಯವನ್ನಾಗಿ ಮಾಡಿಯೇ ಮಾಡುವುದೆಂದು ಕನ್ನಡಿಗರು ನಂಬಿದರು.

ಈ ನಂಬಿಕೆಗೆ ನೀರೆರೆದ ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡಗಳು ಅಗ್ರಗಣ್ಯವಾದುವು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು 1890ರಿಂದಲೂ ಕನ್ನಡದ ದೀಪವನ್ನು ಹಿಡಿದಿತ್ತು. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನೀ ಸೇವಾದಳವನ್ನು ಕಟ್ಟಿ ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ, ಅಲ್ಲಿಯೇ ಶ್ರೀ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ಕೂಡಿತು. ರಾಷ್ಟ್ರಭಕ್ತಿಗೂ ನಾಡಭಕ್ತಿಗೂ ಅಂದು ಭೇದವೇ ತೋರಲಿಲ್ಲ.

ನಿಜಲಿಂಗಪ್ಪನವರು ತಾರುಣ್ಯದಲ್ಲಿ ಈ ಅಧಿವೇಶನಗಳ ಪ್ರೇಕ್ಷಕರಾಗಿದ್ದರು. 1936ರಲ್ಲಿ ಹರ್ಡೀಕರರ ಸಂಪರ್ಕವು ಒದಗಿದ ಮೇಲೆ ಸ್ವಯಂಸೇವಕರಾಗಿ ಕಾರ್ಯಕ್ಕೆ ಇಳಿದರು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಅರಣ್ಯ ಸತ್ಯಾಗ್ರಹವು ನಡೆದಾಗ ಅದರ ಮುಂದಾಳುತನವನ್ನು ವಹಿಸಿ ಸೆರೆಮನೆಯನ್ನು ಸೇರಿದರು. ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ನಿರ್ವಹಿಸಿದ ಮೇಲೆ 1946ರಲ್ಲಿ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅದೇ ಕಾಲದಲ್ಲಿ ಸಂವಿಧಾನ ಸಭೆಯ ಸದಸ್ಯತ್ವವೂ ಲಭಿಸಿತು. ಇತ್ತ ಉತ್ತರ ಕರ್ನಾಟಕದ ಜನರ ಒತ್ತಾಯವನ್ನು ಕೇಳುವ ಕಿವಿಯೂ, ಅತ್ತ ದಿಲ್ಲಿಯಲ್ಲಿ ಅದನ್ನು ಹೇಳುವ ಬಾಯಿಯೂ ಅವರೇ ಆಗಬೇಕಾಯಿತು.

ಸ್ವಾತಂತ್ರ್ಯವು ಬಂದಿತು, ಕರ್ನಾಟಕವು ಬರಲಿಲ್ಲ. ದೇಶವಿಭಜನೆಯ ರಕ್ತಪಾತವನ್ನು ಕಂಡ ಹಿರಿಯ ನಾಯಕರಿಗೆ ಭಾಷೆಯ ಹೆಸರಿನಲ್ಲಿ ಮತ್ತೆ ಗೆರೆಗಳನ್ನು ಎಳೆಯುವುದು ಭೀತಿಯ ವಿಷಯವಾಗಿ ತೋರಿತು. 1948ರಲ್ಲಿ ನೇಮಕವಾದ ಧರ್ ಆಯೋಗವು ಭಾಷಾವಾರು ಪ್ರಾಂತಗಳು ಸದ್ಯಕ್ಕೆ ಸಲ್ಲವೆಂದು ವರದಿಯಿತ್ತಿತು. ಆ ವರ್ಷಾಂತ್ಯದ ಜಯಪುರ ಅಧಿವೇಶನದಲ್ಲಿ ಜವಾಹರಲಾಲ ನೆಹರೂ, ವಲ್ಲಭಭಾಯಿ ಪಟೇಲ, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯು ರಚಿತವಾಗಿ, 1949ರಲ್ಲಿ ಆಂಧ್ರದ ಮಟ್ಟಿಗೆ ಬಾಗಿಲನ್ನು ತುಸು ತೆರೆದು ಉಳಿದವರಿಗೆ ತಾಳಿಕೊಳ್ಳಲು ಹೇಳಿತು. ಕನ್ನಡಿಗರ ತೊಡಕು ಇನ್ನೂ ಹೆಚ್ಚಿನದು. ಮೈಸೂರು ತನ್ನದೇ ಮಹಾರಾಜರುಳ್ಳ ಸುವ್ಯವಸ್ಥಿತ ರಾಜ್ಯ. ಅಲ್ಲಿಯ ಕಾಂಗ್ರೆಸ್ಸಿಗರಲ್ಲಿಯೇ ಅನೇಕರು ಉತ್ತರದ ಬಡ ಜಿಲ್ಲೆಗಳೊಡನೆ ಕೂಡಲು ಹಿಂಜರಿಯುತ್ತಿದ್ದರು. ಆದುದರಿಂದ ಕರ್ನಾಟಕ ಪ್ರಾಂತಿಕ ಸಮಿತಿಯು ಮೇಲಿನ ವರಿಷ್ಠ ಮಂಡಲವನ್ನೂ, ಪಕ್ಕದ ಸೋದರ ಸಮಿತಿಯನ್ನೂ ಏಕಕಾಲಕ್ಕೆ ಒಲಿಸಿಕೊಳ್ಳಬೇಕಾಗಿತ್ತು.

1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಆಂಧ್ರಕ್ಕಾಗಿ ಉಪವಾಸವಿದ್ದು ಪ್ರಾಣಾರ್ಪಣೆ ಮಾಡಿದರು. ಆಂಧ್ರ ರಾಜ್ಯವು ಒದಗಿತು. 1953ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಆಂಧ್ರದ ಫಲವನ್ನು ನೋಡಿಕೊಂಡು ಉಳಿದ ಪ್ರಾಂತಗಳ ವಿಚಾರಕ್ಕೆ ಕೈಹಾಕುವ ನಿಲುವನ್ನು ತಳೆದಾಗ ಕನ್ನಡಿಗರ ತಾಳ್ಮೆಯ ಕಟ್ಟೆಯೊಡೆಯಿತು. ಶಿಸ್ತಿನಿಂದ ಕಾಯ್ದವರಿಗೆ ಏನೂ ಇಲ್ಲ, ಹಟ ಹಿಡಿದವರಿಗೆ ರಾಜ್ಯವೆಂಬ ಭಾವನೆಯು ಊರೂರಿನಲ್ಲಿ ಹಬ್ಬಿತು. ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಕಾಂಗ್ರೆಸ್ಸಿನ ಹೊರಗೆ ತಲೆಯೆತ್ತಿತು. ಹುಬ್ಬಳ್ಳಿಯ ಬಳಿಯ ಅದರಗುಂಚಿ ಗ್ರಾಮದಲ್ಲಿ ಶ್ರೀ ಶಂಕರಗೌಡ ಪಾಟೀಲರು ಆಮರಣ ಉಪವಾಸವನ್ನು ಕೈಕೊಂಡರು. ಜಕ್ಕಲಿಯ ಶ್ರೀ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ತಮ್ಮ ಸ್ಥಾನವನ್ನು ತೊರೆದರು.

ಇಂತಹ ಹೊತ್ತಿನಲ್ಲಿ, 1953ರ ಏಪ್ರಿಲಿನಲ್ಲಿ, ಹುಬ್ಬಳ್ಳಿಯಲ್ಲಿ ಪ್ರಾಂತಿಕ ಕಾಂಗ್ರೆಸ್ಸಿನ ಸಭೆಯು ಕೂಡಿತು. ಹಳ್ಳಿಹಳ್ಳಿಗಳಿಂದ ಸಹಸ್ರಾವಧಿ ಜನರು ಬಂದು ಸಭಾಸ್ಥಾನವನ್ನು ಸುತ್ತುಗಟ್ಟಿದರು. ಕಾಂಗ್ರೆಸ್ಸಿನ ಪ್ರತಿನಿಧಿಗಳೆಲ್ಲ ರಾಜೀನಾಮೆಯಿತ್ತು ಹೊರಬರಬೇಕೆಂಬುದೇ ಅವರ ಒತ್ತಾಯ. ಸಮಿತಿಯು ಆ ಮಾತಿಗೆ ಒಡಂಬಡಲಿಲ್ಲ. ಜನರ ಕೋಪವು ಕಲ್ಲಿನ ರೂಪವನ್ನು ತಾಳಿತು; ಪೋಲೀಸರು ಬಲಪ್ರಯೋಗ ಮಾಡಿದರು. ಮೂವತ್ತು ವರ್ಷ ಖಾದಿಯ ಟೊಪ್ಪಿಗೆಯನ್ನು ಕಂಡು ಕೈಮುಗಿದ ಊರಿನಲ್ಲಿ ಆ ಟೊಪ್ಪಿಗೆಯನ್ನು ಧರಿಸಿದವರು ಬೀದಿಗೆ ಇಳಿಯಲು ಅಂಜುವಂತಾಯಿತು. ಅಲ್ಲಿ ಕಲ್ಲೆಸೆದವರಲ್ಲಿ ಹಲವರು ಕಾಂಗ್ರೆಸ್ ಮನೆಗಳ ಮಕ್ಕಳೇ ಆಗಿದ್ದಿರಬೇಕು. ಏಕೆಂದರೆ ಆ ಕಾಲದ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ಸಿನ ಗಾಳಿ ಸೋಕದ ಮನೆಗಳು ವಿರಳ.

ಈ ಪ್ರಸಂಗದಲ್ಲಿ ನಿಜಲಿಂಗಪ್ಪನವರ ನಡತೆಯನ್ನು ಕುರಿತು ಅಂದಿನಿಂದಲೂ ಎರಡು ಅಭಿಪ್ರಾಯಗಳಿವೆ. ರಾಜೀನಾಮೆಯಿತ್ತು ಹೊರಬಂದಿದ್ದರೆ ಜನರ ದೃಷ್ಟಿಯಲ್ಲಿ ವೀರರೆನಿಸಿಕೊಳ್ಳುತ್ತಿದ್ದರೆಂಬುದು ಒಂದು. ಹೊರಬಂದಿದ್ದರೆ ದಿಲ್ಲಿಯಲ್ಲಿ ಕನ್ನಡಿಗರ ಪರವಾಗಿ ನುಡಿಯುವವರು ಯಾರೂ ಉಳಿಯುತ್ತಿರಲಿಲ್ಲವೆಂಬುದು ಇನ್ನೊಂದು. ಅವರು ಎರಡನೆಯದನ್ನೇ ನಂಬಿ ನಡೆದರು. ಜನರ ಬೇಡಿಕೆಯು ನ್ಯಾಯವಾದುದೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅದನ್ನು ಪಕ್ಷದ ಮೂಲಕವೇ ಪಡೆಯಬೇಕೆಂಬುದು ಅವರ ವ್ರತವಾಗಿತ್ತು. ಊರಿನವರಿಂದ ನಿಂದೆಯನ್ನೂ ವರಿಷ್ಠರಿಂದ ವಿಳಂಬವನ್ನೂ ಸಹಿಸಿದರು. ಆದರೆ ಬೀದಿಯ ಜನರ ಕೋಪವಿಲ್ಲದೆ ಅವರ ಸಹನೆಯೊಂದೇ ಫಲವನ್ನು ತರುತ್ತಿತ್ತೆಂದು ಹೇಳುವಂತಿಲ್ಲ. ಅದರಗುಂಚಿಯ ಉಪವಾಸ, ದೊಡ್ಡಮೇಟಿಯವರ ತ್ಯಾಗ, ಹುಬ್ಬಳ್ಳಿಯ ಗಲಭೆ ಇವು ದಿಲ್ಲಿಗೆ ಮುಟ್ಟಿದುವು. ಸಮಿತಿಯ ಮನವಿಗಳಿಗೆ ಬಲವು ಬಂದುದು ಇವುಗಳಿಂದಲೇ. ಹೊರಗಿನ ಒತ್ತಡವೂ ಒಳಗಿನ ವಾದವೂ ಕೂಡಿಯೇ ಕಾರ್ಯವು ಸಿದ್ಧಿಸಿತು.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಸರದಾರ ಪಣಿಕ್ಕರ್ ಇವರುಳ್ಳ ರಾಜ್ಯ ಪುನರ್ವಿಂಗಡನಾ ಆಯೋಗವು ನೇಮಕವಾಗಿ, 1955ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ಮೈಸೂರನ್ನೂ ಒಳಗೊಂಡ ಕನ್ನಡ ರಾಜ್ಯವು ಅದರಲ್ಲಿ ಮೂಡಿಬಂದಿತು. ಮೈಸೂರಿನ ಮುಖ್ಯಮಂತ್ರಿ ಶ್ರೀ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷದವರ ವಿರೋಧವನ್ನು ಲೆಕ್ಕಿಸದೆ ಏಕೀಕರಣವನ್ನು ಎತ್ತಿಹಿಡಿದರು. 1956ರ ಆಗಸ್ಟಿನಲ್ಲಿ ಅವರು ಅಧಿಕಾರವನ್ನು ಬಿಡಬೇಕಾಗಿ ಬಂದುದನ್ನು ಕನ್ನಡಿಗರು ಮರೆಯಬಾರದು. 1956ನೆಯ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಮುಂಬಯಿಯಿಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳೂ, ಹೈದರಾಬಾದಿನಿಂದ ಕಲಬುರ್ಗಿ, ರಾಯಚೂರು, ಬೀದರಗಳೂ, ಮದರಾಸಿನಿಂದ ದಕ್ಷಿಣ ಕನ್ನಡವೂ, ಕೊಡಗೂ ಒಂದೇ ಸೂರಿನಡಿ ಬಂದುವು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಹೊರಗುಳಿದು ಎದೆಯ ನೋವಾದುವು. ಹುಬ್ಬಳ್ಳಿಯಲ್ಲಿ ನಿಂದೆಯನ್ನು ಉಂಡ ನಿಜಲಿಂಗಪ್ಪನವರೇ ಒಂದಾದ ನಾಡಿನ ಮೊದಲನೆಯ ಮುಖ್ಯಮಂತ್ರಿಗಳಾದರು.

ಮುಂದಿನ ವರ್ಷಗಳಲ್ಲಿ ಪಕ್ಷದ ಏರಿಳಿತಗಳು ಅವರನ್ನೂ ಬಿಡಲಿಲ್ಲ. 1958ರಲ್ಲಿ ಶಾಸಕ ಪಕ್ಷದೊಳಗಿನ ಭಿನ್ನಮತದಿಂದ ಸ್ಥಾನವನ್ನು ತೊರೆದಾಗ ಜಮಖಂಡಿಯ ಶ್ರೀ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಪರಾಭವವನ್ನು ಅನುಭವಿಸಿದರು. ಆಗ ಮುಖ್ಯಮಂತ್ರಿ ಪದವನ್ನು ವಹಿಸಿದ ಶ್ರೀ ಎಸ್.ಆರ್. ಕಂಠಿಯವರು ಸುಮಾರು ಮೂರು ತಿಂಗಳಲ್ಲಿಯೇ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಕೂಡಲೆ, ಆ ಪದವನ್ನು ಮರಳಿ ಒಪ್ಪಿಸಿದರು. ಕೈಗೆ ಬಂದ ಅಧಿಕಾರವನ್ನು ಹೀಗೆ ನಿಸ್ಸಂಕೋಚವಾಗಿ ಬಿಟ್ಟುಕೊಟ್ಟ ಉದಾಹರಣೆಗಳು ರಾಜಕಾರಣದಲ್ಲಿ ಅತಿ ವಿರಳ. 1967ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಶಿಗ್ಗಾಂವಿಯ ಜನರು ನಿಜಲಿಂಗಪ್ಪನವರನ್ನು ಚುನಾಯಿಸಿದರು. ಹದಿನಾಲ್ಕು ವರ್ಷಗಳ ಹಿಂದಿನ ಕಹಿಯು ಕರಗಿತ್ತೆಂಬುದಕ್ಕೆ ಇದು ಸಾಕ್ಷಿ. ಅವರ ಆಡಳಿತಕಾಲದಲ್ಲಿ 1957ರಲ್ಲಿ ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಶರಾವತಿಯ ವಿದ್ಯುತ್ತು ಹರಿಯಿತು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು.

ಗಡಿಯ ಪ್ರಶ್ನೆಯಲ್ಲಿಯೂ ಪಕ್ಷದ ಒಳಗಿನ ಸೆಳೆತವು ಕಾಣಿಸಿತು. ಬೆಳಗಾವಿಯನ್ನು ಬೇಡುತ್ತಿದ್ದ ಮಹಾರಾಷ್ಟ್ರದಲ್ಲಿ ಆಳುತ್ತಿದ್ದುದೂ ಕಾಂಗ್ರೆಸ್ಸೇ, ಕೊಡಲೊಲ್ಲದ ಮೈಸೂರಿನಲ್ಲಿ ಆಳುತ್ತಿದ್ದುದೂ ಕಾಂಗ್ರೆಸ್ಸೇ. ತಾಯಿಯಾದ ಕೇಂದ್ರ ಪಕ್ಷವು ಇಬ್ಬರು ಮಕ್ಕಳ ವ್ಯಾಜ್ಯವನ್ನು ತಾನೇ ತೀರ್ಮಾನಿಸಲಾರದೆ, 1966ರಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ವರದಿಯು ಬೆಳಗಾವಿ ನಗರವನ್ನು ಮೈಸೂರಿನಲ್ಲಿಯೇ ಉಳಿಸಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡನ್ನೂ ಮೈಸೂರಿಗೇ ಸೇರಿಸಬೇಕೆಂದಿತು. ಮೈಸೂರು ಅದನ್ನು ಒಪ್ಪಿತು, ಮಹಾರಾಷ್ಟ್ರವು ಒಪ್ಪಲಿಲ್ಲ. ವರದಿಯು ಜಾರಿಗೆ ಬಾರದೆ ಉಳಿಯಿತು.

1968ರಲ್ಲಿ ನಿಜಲಿಂಗಪ್ಪನವರು ಶ್ರೀ ಕಾಮರಾಜರ ತರುವಾಯ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ರಾಜ್ಯದ ಅಧಿಕಾರವು ಶ್ರೀ ವೀರೇಂದ್ರ ಪಾಟೀಲರ ಕೈಗೆ ಬಂದಿತು. ಪ್ರಾಂತದ ಮಾತನ್ನು ವರಿಷ್ಠರ ಬಾಗಿಲಿಗೆ ಒಯ್ಯುತ್ತಿದ್ದವರು ಈಗ ಆ ಬಾಗಿಲಿನ ಒಳಗೆ ಕುಳಿತವರಾದರು. ಅಂದು ಪಕ್ಷದ ಚುಕ್ಕಾಣಿಯನ್ನು ಹಿಡಿದಿದ್ದ ಕಾಮರಾಜ, ಎಸ್.ಕೆ. ಪಾಟೀಲ, ಅತುಲ್ಯ ಘೋಷ, ಸಂಜೀವ ರೆಡ್ಡಿ ಮೊದಲಾದವರೆಲ್ಲ ತಮ್ಮ ತಮ್ಮ ಪ್ರಾಂತಗಳಲ್ಲಿ ಬೇರೂರಿದವರು. ಪತ್ರಿಕೆಗಳು ಇವರ ಕೂಟಕ್ಕೆ ಸಿಂಡಿಕೇಟು ಎಂಬ ಹೆಸರನ್ನಿಟ್ಟವು. ಅವರೆದುರಿಗೆ ನಿಂತವರು ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು.

1969ರ ಮೇ ತಿಂಗಳಿನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ಕಾಲವಶರಾದರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಕೂಡಿದ ಪಕ್ಷದ ಮಂಡಲಿಯು ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಕೆಲವೇ ದಿನಗಳಲ್ಲಿ ಮುರಾರ್ಜಿ ದೇಸಾಯಿಯವರಿಂದ ಹಣಕಾಸಿನ ಖಾತೆಯು ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದುವು. ಪ್ರಧಾನಿಯವರು ಆತ್ಮಸಾಕ್ಷಿಯಂತೆ ಮತವೀಯಲು ಸದಸ್ಯರಿಗೆ ಕರೆಯಿತ್ತರು. ಅಧ್ಯಕ್ಷರಾದ ನಿಜಲಿಂಗಪ್ಪನವರು ಪಕ್ಷದ ನಿರ್ಣಯವನ್ನು ಮೀರಲಾಗದೆಂದರು. ಆದರೆ ಅವರು ಎರಡನೆಯ ಆದ್ಯತೆಯ ಮತಗಳಿಗಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತನಾಡಿದುದು ಅವರ ವಾದವನ್ನೇ ದುರ್ಬಲಗೊಳಿಸಿತು. ಶಿಸ್ತನ್ನು ಕಾಯಲು ಹೊರಟವರು ಪಕ್ಷದ ವಿರೋಧಿಗಳ ನೆರವನ್ನು ಬೇಡಿದರೆಂದು ಎದುರಾಳಿಗಳು ಸಾರಿದರು. ಆಗಸ್ಟಿನಲ್ಲಿ ಶ್ರೀ ವಿ.ವಿ. ಗಿರಿಯವರು ಗೆದ್ದರು.

1969ನೆಯ ನವೆಂಬರ್ 1ರಂದು, ಅಂದರೆ ಕನ್ನಡ ನಾಡು ಒಂದಾದ ಹದಿಮೂರನೆಯ ವರ್ಷದ ಅದೇ ದಿನ, ದಿಲ್ಲಿಯಲ್ಲಿ ಕಾಂಗ್ರೆಸ್ಸಿನ ಎರಡು ಕಾರ್ಯಕಾರಿ ಸಭೆಗಳು ಎರಡು ಕಡೆ ಕೂಡಿದುವು. ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷವು ಪ್ರಧಾನಮಂತ್ರಿಯನ್ನೇ ಉಚ್ಚಾಟಿಸಿತು. ಪ್ರಧಾನಿಯ ಪಕ್ಷದವರು ಕರೆದ ಸಭೆಯು ಅದೇ ತಿಂಗಳು ನಿಜಲಿಂಗಪ್ಪನವರನ್ನು ಅಧ್ಯಕ್ಷಪದದಿಂದ ತೆಗೆಯಿತು. 705 ಸದಸ್ಯರಲ್ಲಿ 446 ಮಂದಿ ಅದರಲ್ಲಿ ನೆರೆದಿದ್ದರು. ಜೋಡೆತ್ತಿನ ಚಿಹ್ನೆಯುಳ್ಳ ಮನೆಯು ಎರಡಾಯಿತು. ಎತ್ತುಗಳ ಚಿಹ್ನೆಯು ಯಾರಿಗೂ ಉಳಿಯಲಿಲ್ಲ. ಒಂದು ಪಕ್ಷವು ಹಸು-ಕರುವನ್ನೂ, ಮತ್ತೊಂದು ಚರಖವನ್ನೂ ಹಿಡಿದುವು.

ಕರ್ನಾಟಕದ ಶಾಖೆಯು ಈ ಹೊತ್ತಿನಲ್ಲಿ ತನ್ನ ಹಿರಿಯನ ಪಕ್ಕದಲ್ಲಿ ನಿಂತಿತು. ವೀರೇಂದ್ರ ಪಾಟೀಲರ ಸರಕಾರವು ನಿಜಲಿಂಗಪ್ಪನವರ ಕಾಂಗ್ರೆಸ್ಸಿಗೆ ನಿಷ್ಠವಾಗಿ ಉಳಿಯಿತು. ಆದರೆ ಜನರ ಮನಸ್ಸು ಬೇರೆಯಾಗಿತ್ತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಸಂದುವು. ಧಾರವಾಡ ಉತ್ತರ ಕ್ಷೇತ್ರದಿಂದ ಶ್ರೀಮತಿ ಸರೋಜಿನಿ ಮಹಿಷಿಯವರು ಆ ಪಕ್ಷದಿಂದಲೇ ಗೆದ್ದರು. ಸರಕಾರವು ಆ ಮಾರ್ಚಿನಲ್ಲಿಯೇ ಕುಸಿಯಿತು. 1972ರಲ್ಲಿ 165 ಸ್ಥಾನಗಳೊಡನೆ ಶ್ರೀ ದೇವರಾಜ ಅರಸರು ಅಧಿಕಾರಕ್ಕೆ ಬಂದರು. ನಾಡಿಗೆ ಕರ್ನಾಟಕವೆಂಬ ಹೆಸರು ಅವರ ಕಾಲದಲ್ಲಿ, 1973ನೆಯ ನವೆಂಬರ್ 1ರಂದು, ಬಂದಿತು. ಆ ಹೆಸರಿನ ಸಮಿತಿಯನ್ನು ವರ್ಷಗಟ್ಟಲೆ ನಡೆಯಿಸಿದ ನಿಜಲಿಂಗಪ್ಪನವರು ಆಗ ಅಧಿಕಾರದಿಂದ ದೂರವಾಗಿದ್ದರು.

ಆ ಬಳಿಕ ಸಕ್ರಿಯ ರಾಜಕಾರಣದಿಂದ ಹಿಂದೆ ಸರಿದು, ಚಿತ್ರದುರ್ಗದಲ್ಲಿ ಸರಳ ಜೀವನವನ್ನು ನಡೆಯಿಸಿದರು. 2000ನೆಯ ಆಗಸ್ಟ್ 8ರಂದು, ತೊಂಬತ್ತೇಳು ವರ್ಷಗಳ ತುಂಬು ಬಾಳನ್ನು ಮುಗಿಸಿ ಅಲ್ಲಿಯೇ ಲಿಂಗೈಕ್ಯರಾದರು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಈ ಬಾಳನ್ನು ಸಮಗ್ರವಾಗಿ ನೋಡಿದಾಗ ಒಂದು ಸತ್ಯವು ಗೋಚರಿಸುತ್ತದೆ. 1953ರಲ್ಲಿ ಕೆಳಗೆ ನಿಂತು ಪಕ್ಷದ ಶಿಸ್ತನ್ನು ಪಾಲಿಸಿದ ಮನುಷ್ಯರೇ 1969ರಲ್ಲಿ ಮೇಲೆ ಕುಳಿತು ಅದೇ ಶಿಸ್ತನ್ನು ಇತರರಿಂದ ಬೇಡಿದರು. ತಮ್ಮ ಲಾಭಕ್ಕೆ ತಕ್ಕಂತೆ ನಿಯಮವನ್ನು ತಿರುಗಿಸುವ ಕಾಲದಲ್ಲಿ ಇಂತಹ ಏಕನಿಷ್ಠೆಯು ಗೌರವಾರ್ಹವಾದುದು. ಆದರೆ ಎರಡು ಸಲವೂ ಕೊನೆಯ ತೀರ್ಪನ್ನು ಇತ್ತವರು ಜನರು. ಮೊದಲನೆಯ ಸಲ ಶಿಸ್ತಿನ ಜೊತೆಗೆ ಜನರ ಬೇಡಿಕೆಯೂ ಅವರ ಕೈಯಲ್ಲಿತ್ತು. ಆದುದರಿಂದ ತಡವಾದರೂ ನಾಡು ಒಂದಾಯಿತು. ಎರಡನೆಯ ಸಲ ಶಿಸ್ತು ಮಾತ್ರ ಉಳಿದಿತ್ತು. ಜನರು ಬೇರೆ ದಾರಿಯಲ್ಲಿ ನಡೆದಿದ್ದರು. ಸಂಸ್ಥೆಯೆಂಬುದು ಸ್ಥಾವರ, ಜನರ ಬಾಳು ಜಂಗಮ. ಸ್ಥಾವರವನ್ನು ಕಾಯುವವನು ಜಂಗಮದ ಕಡೆಗೆ ಕಣ್ಣಿಟ್ಟಿರಬೇಕೆಂಬುದು ಶರಣರು ತೋರಿದ ದಾರಿ. ಈ ಮಾತು ಪಕ್ಷಕ್ಕೆ ಸಲ್ಲುವಂತೆ ಮಠಕ್ಕೂ, ಮನೆಗೂ ಸಲ್ಲುತ್ತದೆ. ಹಿರಿಯ ಪೀಠವು ಶಾಖೆಯ ಮಾತನ್ನು ಕೇಳಬೇಕು. ಶಾಖೆಯು ಹಿರಿಯರ ಕಟ್ಟಳೆಯನ್ನು ಗೌರವಿಸಬೇಕು. ಇಬ್ಬರೂ ಭಕ್ತಗಣದ ಎದುರಿಗೆ ವಿನೀತರಾಗಿರಬೇಕು. ಹಾಗೆ ನಡೆದಲ್ಲಿ ಒಡಕಿಗೆ ಎಡೆಯಿಲ್ಲ.

ನಾಡನ್ನು ಒಂದುಗೂಡಿಸಲು ಕಲ್ಲಿನ ಪೆಟ್ಟಿಗೂ ಕಟು ನುಡಿಗೂ ಎದೆಯೊಡ್ಡಿದ ಆ ಹಿರಿಯ ಚೇತನವು ಕನ್ನಡಿಗರ ಸ್ಮರಣೆಯಲ್ಲಿ ಚಿರಕಾಲ ಬೆಳಗುತ್ತಿರಲಿ.